ಮೇಡಂ, ನಿಮ್ಮ ಡಿವಿಷನ್ ಯಾವುದು?

ಹೆಸರು ಹಾಕಿದೆ. ಹುಟ್ಟಿದ ದಿನ ಹಾಕಿದೆ. ಫೋನ್ ನಂಬರು ಹಾಕಿ, ಅದಕ್ಕೆ ಬಂದ ಒಟಿಪಿಯನ್ನೂ ಹಾಕಿದೆ. ಟ್ರಾಫಿಕ್ ಲೈಟ್ ಇರುವ ಚೌಕಗಳನ್ನೆಲ್ಲ ಒತ್ತಿ ನಾನು ಮನುಷ್ಯಳೇ ಅಂತ ಸಾಬೀತು ಕೂಡ ಮಾಡಿದೆ. ಆಮೇಲೆ ಬಂತು ನೋಡಿ ಆ ಖಾನೆ: ‘ಡಿವಿಷನ್’. ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ತುಂಬದೆ ಮುಂದೆ ಹೋಗುವ ಹಾಗಿಲ್ಲ.

ಎಂಥ ಡಿವಿಷನ್? ಪುಣ್ಯಾತ್ಮರು ಏನೂ ಹೇಳಿಲ್ಲ. ನಾನು ಪಾಸಾದ ಡಿವಿಷನ್ನಾ? ಕೆಲಸ ಮಾಡುವ ಕಂಪನಿಯದ್ದಾ? ಮನೆ ಇರುವ ಆಡಳಿತ ವಿಭಾಗವಾ? ಬಾಣದ ಗುರುತು ಒತ್ತಿದರೆ ಪಟ್ಟಿಯೊಂದು ಬಿಚ್ಚಿಕೊಂಡಿತು. ಅದರಲ್ಲಿ ಇದ್ದದ್ದು ‘1’, ‘2’, ‘ಇತರೆ’. ಅನುಮಾನ ಬಂದಾಗಲೆಲ್ಲ ನಾನು ‘ಇತರೆ’ಯೇ. ಒತ್ತಿದ ಕೂಡಲೇ ಇನ್ನೊಂದು ಖಾನೆ ತೆರೆಯಿತು: ‘ದಯವಿಟ್ಟು ವಿವರಿಸಿ’. ‘ಗೊತ್ತಿಲ್ಲ’ ಅಂತ ಬರೆದೆ. ‘ಅಂಕಿಗಳನ್ನು ಮಾತ್ರ ಬಳಸಿ’ ಅಂತು. ಅಂಕಿಯಲ್ಲಿ ವಿವರಿಸೋದು ಹೇಗೆ ಅಂತ ಯಾರಾದರೂ ನನಗೆ ವಿವರಿಸಿ. ಸಿಟ್ಟಿನಲ್ಲಿ ಸೊನ್ನೆ ಒತ್ತಿದೆ. ಪುಟ ಬೆಳ್ಳಗಾಯಿತು. ಹೆಸರು, ಹುಟ್ಟಿದ ದಿನ, ನಾನು ಮನುಷ್ಯಳು ಎಂಬ ಪ್ರಮಾಣ, ಎಲ್ಲ ಹೋಯಿತು.

ಇಂಥ ಹೊತ್ತಿನಲ್ಲಿ ಸಮಾಧಾನ ಮಾಡಿಕೊಳ್ಳೋಕೆ ನನಗೊಂದು ಹಡಗಿದೆ. 1997ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಯಾರ್ಕ್‌ಟೌನ್ ಎಂಬ ಯುದ್ಧನೌಕೆಯಲ್ಲಿ ಸಿಬ್ಬಂದಿಯೊಬ್ಬರು ಕಂಪ್ಯೂಟರ್‌ನ ಒಂದು ಖಾನೆಗೆ ಸೊನ್ನೆ ತುಂಬಿದರು. ಒಳಗಿನ ಪ್ರೋಗ್ರಾಮು ಆ ಸೊನ್ನೆಯಿಂದ ಭಾಗಿಸಲು ಹೊರಟಿತು. ಸೊನ್ನೆಯಿಂದ ಭಾಗಿಸಬಾರದು ಅಂತ ಲೆಕ್ಕದ ಮೇಷ್ಟ್ರು ಬಡಿದು ಹೇಳಿದ್ದು ಅದಕ್ಕೆ ಗೊತ್ತಿರಲಿಲ್ಲ. ಅಷ್ಟು ದೊಡ್ಡ ಹಡಗು ಸುಮಾರು ಎರಡೂ ಮುಕ್ಕಾಲು ಗಂಟೆ ನೀರಿನ ಮಧ್ಯೆ ಸುಮ್ನೆ ನಿಂತುಬಿಟ್ಟಿತು. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ ಇದಕ್ಕೊಂದು ನಿಯಮ ಮಾಡಲು ಹೋಗಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದಿದ್ದ. ಇವತ್ತಿನ ಗಣಿತ ಅದನ್ನ ಒಪ್ಪಲ್ಲ. ಆದರೂ ಪಾಪ, ಒಂದು ಉತ್ತರ ಅಂತ ಕೊಟ್ಟ. ಪುಟ ಬೆಳ್ಳಗೆ ಮಾಡಿ ಕೂರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ.

“ಮೇಡಂ, ಅಲ್ಲಿ ನಿಮ್ಮ ಡಿವಿಷನ್ ಹಾಕಬೇಕು.”

“ಯಾವ ಡಿವಿಷನ್?”

“ನಿಮ್ಮದೇ ಮೇಡಂ.”

“ನನ್ನದೇ ಸರಿ. ಯಾವುದರಲ್ಲಿ?”

“ನೀವು ಯಾವುದರಲ್ಲಿ ಇದ್ದೀರೋ ಅದರಲ್ಲಿ ಮೇಡಂ.”

“ನಾನು ಯಾವುದರಲ್ಲಿ ಇದ್ದೀನಿ ಅಂತ ನಿಮ್ಮ ದಾಖಲೆಯಲ್ಲಿ ಇರಬೇಕಲ್ಲ?”

“ಖಂಡಿತ ಇರುತ್ತೆ. ನೋಡಿ ಹೇಳ್ತೀನಿ. ನಿಮ್ಮ ಡಿವಿಷನ್ ಯಾವುದು ಹೇಳಿ.”

ಆತ ರೇಗಲಿಲ್ಲ. ಅದೇ ಕಷ್ಟ. ರೇಗಿದ್ದರೆ ನಾನೂ ರೇಗಿ ಹಗುರಾಗುತ್ತಿದ್ದೆ. ಅಳುವ ಮಗುವಿನ ಕೈಗೆ ಗಿಲಕಿ ಕೊಡುವ ಹಾಗೆ, ಪ್ರತಿ ಸಲವೂ ಅಷ್ಟೇ ಅಕ್ಕರೆಯಿಂದ “ನಿಮ್ಮದೇ ಮೇಡಂ” ಅನ್ನುತ್ತಿದ್ದ. ದಾರಿ ಬದಲಾಯಿಸಿ ಕೇಳಿದೆ: “ಬೇರೆಯವರು ಈ ಖಾನೆಯಲ್ಲಿ ಏನು ಹಾಕ್ತಾರೆ?” ಒಂದು ಕ್ಷಣ ಮೌನ. ಕೀಬೋರ್ಡ್ ಟಕಟಕ ಸದ್ದು. ಏನೋ ಹುಡುಕುತ್ತಿದ್ದಾನೆ ಅಂತ ಆಸೆಯಾಯಿತು. “ಅವರವರ ಡಿವಿಷನ್ ಹಾಕ್ತಾರೆ ಮೇಡಂ.”

1935ರಲ್ಲಿ ಯಾರೋ ಪೋಪ್ ಬಗ್ಗೆ ಹೇಳಿದಾಗ, ಆತನ ಹತ್ತಿರ ಎಷ್ಟು ಡಿವಿಷನ್ ಇದೆ ಅಂತ ಸ್ಟಾಲಿನ್ ಕೇಳಿದನಂತೆ. ಅವನ ಲೆಕ್ಕ ಸೈನ್ಯದ್ದು. ಅಲ್ಲಿ ಒಂದು ಡಿವಿಷನ್ ಅಂದರೆ ಹೆಚ್ಚುಕಡಿಮೆ 10,000ದಿಂದ 20,000 ಸೈನಿಕರು, ಮೇಲೊಬ್ಬ ಮೇಜರ್ ಜನರಲ್. ಆ ಹೊತ್ತಿನಲ್ಲಿ ನನ್ನ ಕೈಲಿ ಅಂಥದ್ದು ಅರ್ಧ ಇದ್ದಿದ್ದರೂ ಸಾಕಿತ್ತು, ಸಹಾಯವಾಣಿಯ ಕಡೆ ಹೊರಡಿಸುತ್ತಿದ್ದೆ.

ಹೋಗಲಿ, ‘1’ ಒತ್ತಿಬಿಡೋಣವೇ? ಒಂದು ಅಂದರೆ ಮೇಲಿನದ್ದೇ ಇರಬೇಕು ಅಲ್ವಾ? ಇಂಗ್ಲೆಂಡಿನ ಫುಟ್‌ಬಾಲ್ ನೋಡುವವರು ಇದನ್ನ ಅಷ್ಟು ಸುಲಭಕ್ಕೆ ನಂಬಲ್ಲ. 1992ರಲ್ಲಿ ಅಲ್ಲಿನ ಫಸ್ಟ್ ಡಿವಿಷನ್ ಕ್ಲಬ್ಬುಗಳು ಹೊರಬಂದು ಪ್ರೀಮಿಯರ್ ಲೀಗ್ ಮಾಡಿಕೊಂಡವು. ಕೆಳಗಿದ್ದ ಸೆಕೆಂಡ್ ಡಿವಿಷನ್ ಕೂತಲ್ಲೇ ಫಸ್ಟ್ ಡಿವಿಷನ್ ಆಯಿತು. ಒಂದು ಗೋಲೂ ಜಾಸ್ತಿ ಹೊಡೆಯದೆ ಬಡ್ತಿ! 2004ರಲ್ಲಿ ಮತ್ತೆ ಹೆಸರು ಬದಲಾಯಿಸಿದರು. ಈಗ ‘ಲೀಗ್ ಒನ್’ ಅಂದರೆ ಮೂರನೇ ಹಂತ.

ಇವರಿಗಿಂತ ಸಸ್ಯಶಾಸ್ತ್ರದವರು ವಾಸಿ. ಪ್ರಾಣಿಗಳ ದೊಡ್ಡ ಗುಂಪಿಗೆ ಫೈಲಂ ಅನ್ನುವ ಕಡೆ ಗಿಡಗಳ ಗುಂಪಿಗೆ ಡಿವಿಷನ್ ಅನ್ನುತ್ತಾ ಬಂದಿದ್ದಾರೆ. ಒದ್ದೆ ಗೋಡೆಗೆ ಅಂಟಿಕೊಂಡ ಹಾವಸೆಗೂ ಒಂದು ಡಿವಿಷನ್ ಇದೆ, ಬ್ರಯೋಫೈಟಾ ಅಂತ. ಹೂವಿಲ್ಲ, ಬೀಜವಿಲ್ಲ, ಸರಿಯಾದ ಬೇರು ಕೂಡ ಇಲ್ಲ. ಆದರೆ ಈ ಅರ್ಜಿಯನ್ನ ಹಾವಸೆಗೆ ಕೊಟ್ಟು ನೋಡಿ, ನನಗಿಂತ ಬೇಗ ಮುಗಿಸುತ್ತೆ.

“ಮೇಡಂ, ಇದು ನಮ್ಮ ಡಿವಿಷನ್‌ಗೆ ಬರಲ್ಲ. ಕನೆಕ್ಟ್ ಮಾಡ್ತೀನಿ, ಲೈನಲ್ಲೇ ಇರಿ” ಅಂದ. ನೋಡಿ, ತನ್ನ ಡಿವಿಷನ್ ಯಾವುದು ಅಂತ ಆತನಿಗೆ ಚೆನ್ನಾಗಿ ಗೊತ್ತಿದೆ!

ಕೆಲಸ ಹಂಚಿಕೊಂಡರೆ ಎಷ್ಟು ಲಾಭ ಅಂತ 1776ರಲ್ಲಿ ಆಡಂ ಸ್ಮಿತ್ ಗುಂಡುಸೂಜಿಯ ಲೆಕ್ಕ ಕೊಟ್ಟಿದ್ದ. ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ಕತ್ತರಿಸುತ್ತಾನೆ, ಇನ್ನೊಬ್ಬ ಮೊನೆ ಮಾಡುತ್ತಾನೆ. ಹೀಗೆ 10 ಜನ ಸೇರಿದರೆ ದಿನಕ್ಕೆ 48,000 ಸೂಜಿ. ಒಬ್ಬೊಬ್ಬನೇ ಕೂತು ಎಲ್ಲ ಕೆಲಸ ಮಾಡಿದರೆ 20 ಆಗೋದೂ ಅನುಮಾನ. ಸಹಾಯವಾಣಿಯಲ್ಲೂ ಹಾಗೇ ಹಂಚಿಕೊಂಡಿದ್ದಾರೆ. ಒಬ್ಬರು ಹಲೋ ಅನ್ನೋಕೆ, ಒಬ್ಬರು ಕಾಯಿಸೋಕೆ, ಒಬ್ಬರು ಕ್ಷಮಿಸಿ ಅನ್ನೋಕೆ. ಸೂಜಿ ಮಾತ್ರ ಬರಲ್ಲ.

ಲೈನಿನಲ್ಲಿ ಸಂಗೀತ ಶುರುವಾಯಿತು. ಬ್ರಿಟನ್ ಸಂಸತ್ತಿನಲ್ಲಿ ಡಿವಿಷನ್ ಅಂದರೆ ಮತದಾನ. ಗಂಟೆ ಬಾರಿಸಿದ ತಕ್ಷಣ ಸದಸ್ಯರು ಎಲ್ಲಿದ್ದರೂ ಓಡಿ ಬರಬೇಕು. ಹೌದು ಅನ್ನುವವರು ಒಂದು ಓಣಿಗೆ, ಅಲ್ಲ ಅನ್ನುವವರು ಇನ್ನೊಂದಕ್ಕೆ. ಕಾಮನ್ಸ್ ಸಭೆಯಲ್ಲಿ 8 ನಿಮಿಷಕ್ಕೆ ಬಾಗಿಲು ಬಂದ್. ಅಷ್ಟರಲ್ಲಿ ಅವರು ಒಂದು ದೇಶದ ಕಾನೂನಿಗೆ ಎರಡು ಸಾಲಾಗಿ ನಿಂತಿರುತ್ತಾರೆ. ನನಗೆ ಅದೇ ಕೊಳಲು ಮತ್ತೆ ಮೊದಲಿನಿಂದ ಶುರುವಾಗಿತ್ತು.

ಕಾಯುವಾಗ ಬೇಡದ್ದೆಲ್ಲ ನೆನಪಾಗುತ್ತೆ. ಐದನೇ ಕ್ಲಾಸಿಗೆ ಮಕ್ಕಳು ಜಾಸ್ತಿಯಾದರು ಅಂತ ನಮ್ಮನ್ನ ಎ ಡಿವಿಷನ್, ಬಿ ಡಿವಿಷನ್ ಮಾಡಿದರು. ನನ್ನ ಪಕ್ಕ ಕೂರುತ್ತಿದ್ದವಳ ಹೆಸರನ್ನ ಮಿಸ್ ಇನ್ನೊಂದು ಹಾಳೆಯಿಂದ ಓದಿದರು. ಅವಳು ಚೀಲ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಮಧ್ಯೆ ಇದ್ದದ್ದು ಒಂದೇ ಗೋಡೆ. ಸ್ವಲ್ಪ ದಿನ ಬಿಡುವಿನಲ್ಲಿ ಓಡಿ ಹೋಗಿ ಸಿಗುತ್ತಿದ್ದೆವು. ಜಗಳ ಆಡಲಿಲ್ಲ, ಮಾತು ಬಿಡಲಿಲ್ಲ. ಯಾವಾಗ ನಿಂತಿತು ಅಂತಲೇ ಗೊತ್ತಾಗಲಿಲ್ಲ. ಜೀವಕೋಶದ ಕಥೆ ಬೇರೆ. ಅದು ಒಡೆದರೆ ಎರಡಾಗುತ್ತೆ. ಒಂದೇ ಕೋಶದಿಂದ ಹೊರಟ ನಾವು ಒಡೆದೂ ಒಡೆದೂ ಈಗ ಒಬ್ಬೊಬ್ಬರೂ ಸುಮಾರು 30 ಲಕ್ಷ ಕೋಟಿ ಕೋಶಗಳ ಮೂಟೆ. ಅಷ್ಟಿದ್ದೂ ಅವಳ ಇನಿಷಿಯಲ್ ಏನಿತ್ತು ಅಂತ ನೆನಪಾಗಲಿಲ್ಲ.

ಕೊಳಲು ನಿಂತಿತು. ಹೊಸ ದನಿ, ಹಳೇ ಅಕ್ಕರೆ. ಹೆಸರು, ಹುಟ್ಟಿದ ದಿನ ಮತ್ತೆ ಒಪ್ಪಿಸಿದೆ.

“ಅರ್ಥ ಆಯ್ತು ಮೇಡಂ. ಆ ಖಾನೆ ಖಾಲಿ ಬಿಡಿ, ಪರವಾಗಿಲ್ಲ.”

“ಕೆಂಪು ನಕ್ಷತ್ರ ಇದೆಯಲ್ಲ?”

“ಓ, ಹೌದು. ಹಾಗಾದ್ರೆ ಬಿಡೋಕಾಗಲ್ಲ. ಒಂದು ಕಂಪ್ಲೇಂಟ್ ಹಾಕ್ತೀನಿ ಮೇಡಂ. ಇಷ್ಟು ಹೊತ್ತು ನೀವು ಮಾತಾಡಿದ್ದು ಯಾವ ಡಿವಿಷನ್ ಜೊತೆ?”

“ನಿಮ್ಮದೇ” ಅಂದೆ.