ಎಫ್5 ಒತ್ತಿದ್ದಕ್ಕೆ ಪಟ್ಟಿ ಮಾಯ

ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿಗೆ ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಬ್ರೌಸರ್‌ನಲ್ಲಿ ಓಡೋದು. ಮಂಡಿ ಯಜಮಾನರಿಗೆ ಫೋನಿನಲ್ಲೇ ತೋರಿಸಿದೆ. ಎಷ್ಟು ಬಾಕ್ಸ್ ಬಂತು, ಎಷ್ಟಕ್ಕೆ ಹೋಯ್ತು, ಯಾರ ಬಾಕಿ ಎಷ್ಟು, ಎಲ್ಲ ಅದರಲ್ಲೇ. ನಿಂತ ಜಾಗದಲ್ಲೇ ಒಪ್ಪಿಕೊಂಡರು. ರೈತರಿಗೆ ಕೊಡೋ ಲೆಕ್ಕದ ಚೀಟಿ, ಅಂದರೆ ಪಟ್ಟಿ, ಬರೆಯೋ ರೈಟರನ್ನು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪಾಗಿದ್ದು ಅಲ್ಲೇ.

ಮೊದಲ ದಿನ ಬೆಳಗ್ಗೆ ರೈಟರ ಪಕ್ಕದಲ್ಲೇ ನಿಂತಿದ್ದೆ. ವಯಸ್ಸಾದವರು, ಹಳೆ ಕೈ. ವರ್ಷಗಟ್ಟಲೆ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದವರು. ಮೇಜಿನ ಮುಂದೆ ರೈತರು ಸಾಲಾಗಿ ನಿಂತಿದ್ದಾರೆ, ಹಿಂದೆ ಹಮಾಲರ ಕೂಗು. ಒಬ್ಬರ ಪಟ್ಟಿಯಲ್ಲಿ 9 ಸಾಲು. ಬಾಕ್ಸ್ ಎಷ್ಟು, ರೇಟು ಎಷ್ಟು, ತಗೊಂಡೋರು ಯಾರು ಅಂತ ಕೀಬೋರ್ಡ್ ನೋಡದೇ ಟಕಟಕ ಹೊಡೆದರು. ಕೊನೆಗೆ ಎಂಟರ್ ಒತ್ತಿದರು. ಟ್ಯಾಲಿಯಲ್ಲಾದರೆ ಅಷ್ಟಕ್ಕೇ ಎಂಟ್ರಿ ಮುಗೀತು. ನನ್ನದರಲ್ಲಿ ಮೌಸ್ ಹಿಡಿದು ಮೂಲೆಯ ಹಸಿರು ಬಟನ್ ಒತ್ತಬೇಕಿತ್ತು. ರೈತರಿಗೆ ದುಡ್ಡು ಕೊಟ್ಟಿದ್ದು ಬರೆಯೋಕೆ ಅವರ ಬೆರಳು ತಾನಾಗೇ ಎಫ್5ಗೆ ಹೋಯ್ತು. ಟ್ಯಾಲಿಯಲ್ಲಿ ಅದು ಪೇಮೆಂಟ್ ಕೀ. ಬ್ರೌಸರ್‌ನಲ್ಲಿ ರಿಫ್ರೆಶ್!

ಪರದೆ ಒಂದು ಕ್ಷಣ ಬೆಳ್ಳಗಾಯ್ತು. 9 ಸಾಲೂ ಹೋದವು.

"ಏನಪ್ಪಾ, ನಿನ್ನ ಕಂಪ್ಯೂಟರ್ ರೆಪ್ಪೆ ಬಡಿಯೋದ್ರೊಳಗೆ ಎಲ್ಲಾ ಮರ್ತೋಯ್ತಲ್ಲ" ಅಂದರು. ಇನ್ನೆರಡು ಸಲ ಹಾಗೇ ಆಯ್ತು. ಆಮೇಲೆ ಡ್ರಾಯರ್ ಎಳೆದು ಕಾರ್ಬನ್ ಪುಸ್ತಕ ತೆಗೆದರು. ನಾನು ಹೋಗಿ ಟೀ ಕುಡಿದು ಬಂದೆ. ಇನ್ನೇನು ಮಾಡಲಿ?

ಅವತ್ತು ರಾತ್ರಿಯೇ ಕೂತು ಎಫ್5 ರಿಫ್ರೆಶ್ ಆಗದ ಹಾಗೆ ಕೋಡ್ ಬರೆದೆ. ಎಂಟರ್‌ಗೇ ಸೇವ್ ಆಗೋ ಹಾಗೆ ಮಾಡಿದೆ. ಆದರೆ ಎಲ್ಲ ಕೀ ನಮ್ಮ ಮಾತು ಕೇಳಲ್ಲ. ಕಂಟ್ರೋಲ್ ಡಬ್ಲ್ಯು ಒತ್ತಿದರೆ ಟ್ಯಾಬ್ ಮುಚ್ಚೇ ಮುಚ್ಚುತ್ತೆ. ಇನ್ನು ಪ್ರಿಂಟರ್ ಕಥೆ ಬೇರೆ. ಮಂಡಿಯಲ್ಲಿ ಇರೋದು ಡಾಟ್ ಮ್ಯಾಟ್ರಿಕ್ಸ್, ಉದ್ದನೆಯ ಕಾಗದ, ನಡುವೆ ಕಾರ್ಬನ್. ಕಂಪ್ಯೂಟರಿನಲ್ಲೇ ಹಾಕಿಕೊಂಡು ಓಡಿಸೋ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೀ ಅಕ್ಷರಗಳನ್ನು ನೇರವಾಗಿ ಕಳಿಸುತ್ತೆ, ಅದು ಕರ್ರ್ ಅಂತ ಹೊಡೆದು ಮುಗಿಸುತ್ತೆ. ಬ್ರೌಸರ್ ಮೊದಲು ಒಂದು ಕಿಟಕಿ ತೆರೆದು ಯಾವ ಪ್ರಿಂಟರ್, ಯಾವ ಕಾಗದ ಅಂತ ಕೇಳುತ್ತೆ. ಆಮೇಲೆ ಇಡೀ ಪುಟವನ್ನು ಚಿತ್ರದ ಹಾಗೆ ನಿಧಾನಕ್ಕೆ ಗೀಚುತ್ತೆ. ಒಂದು ಪಟ್ಟಿಗೆ ಪರವಾಗಿಲ್ಲ. ಸೀಸನ್‌ನಲ್ಲಿ ಪಟ್ಟಿ ಮೇಲೆ ಪಟ್ಟಿ ಬರುವಾಗ ರೈತರು ಸುಮ್ನೆ ಕಾಯ್ತಾ ನಿಲ್ತಾರಾ?

ಹಾಗಂತ ಡೆಸ್ಕ್‌ಟಾಪ್ ದೇವರು ಅಂತ ನಾನು ಹೇಳ್ತಿಲ್ಲ. ಅದರ ಕಾಟವನ್ನೂ ಉಂಡಿದ್ದೇನೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆಗ ಜೇಬಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಬೈಕಿನಲ್ಲಿ ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಅಂತ ಅಂಗಡಿ ಅಂಗಡಿ ಸುತ್ತಿದ್ದೆ. ವೆಬ್ ಆಗಿದ್ದರೆ ಮನೆಯಲ್ಲೇ ಕೂತು ಒಂದೇ ಸಲ ಬದಲಾಯಿಸಬಹುದಿತ್ತು. ಒಂದು ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಸುವಾಗ ಸಿ ಡ್ರೈವ್ ಜೊತೆ ಎರಡು ವರ್ಷದ ಲೆಕ್ಕವೂ ಹೋಯ್ತು. ಬ್ಯಾಕಪ್ ಎಲ್ಲಿದೆ ಅಂದರೆ, ಅದೂ ಸಿ ಡ್ರೈವಲ್ಲೇ! ಕನ್ನಡದ್ದೂ ಒಂದು ಗೋಳಿತ್ತು. ಹಳೆಯದರಲ್ಲಿ ರೈತರ ಹೆಸರೆಲ್ಲ ಹಳೇ ನುಡಿ ಫಾಂಟಿನಲ್ಲಿ ಇದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ವೆಬ್‌ಗೆ ಬಂದಮೇಲೆ ಎಲ್ಲ ಯೂನಿಕೋಡ್ ಆಯ್ತು, ಯಾವ ಫೋನಿನಲ್ಲಾದರೂ ಹೆಸರು ಹೆಸರಾಗೇ ಕಾಣುತ್ತೆ.

ನನಗೆ ಸಿಟ್ಟು ಬರೋದು "ಡೆಸ್ಕ್‌ಟಾಪ್ ಕಾಲ ಮುಗೀತು, ಈಗ ಎಲ್ಲ ಕ್ಲೌಡ್" ಅನ್ನೋ ಮಾತಿಗೆ. ದಿನಕ್ಕೆ ನಾಲ್ಕು ರಸೀದಿ ಹಾಕೋ ಟ್ಯೂಷನ್ ಸೆಂಟರಿಗೆ ವೆಬ್ ಸಾಕು, ಬೇರೆ ಯೋಚನೆಯೇ ಬೇಡ. ಆದರೆ ದಿನವಿಡೀ ನಂಬರ್ ಕುಟ್ಟೋರಿಗೆ ಮೌಸ್ ಮುಟ್ಟೋದೇ ಶಿಕ್ಷೆ. ಸಾಫ್ಟ್‌ವೇರ್ ಕೊಳ್ಳೋರು ನೋಡೋದು ರಿಪೋರ್ಟು. ಕುಟ್ಟೋರು ನೋಡೋದು ಪರದೆಯಲ್ಲಿ ತುಂಬಬೇಕಾದ ಮುಂದಿನ ಖಾಲಿ ಡಬ್ಬಿ. ಇಬ್ಬರಿಗೂ ಒಂದೇ ಪರದೆ ಕೊಡೋಕೆ ಹೋಗಿ ನಾನು ಕೆಟ್ಟೆ.

ಈಗ ಆ ಮಂಡಿಯಲ್ಲಿ ಎರಡೂ ಇದೆ. ರೈಟರ ಮೇಜಿನಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂ. ನೆಟ್ ಇರಲಿ ಬಿಡಲಿ, ಎಂಟ್ರಿ ಮೊದಲು ಅಲ್ಲೇ ಉಳಿಯುತ್ತೆ, ಆಮೇಲೆ ಸರ್ವರ್‌ಗೆ ಹೋಗುತ್ತೆ. ಯಜಮಾನರು ಫೋನಿನ ಬ್ರೌಸರ್‌ನಲ್ಲಿ ನೋಡ್ತಾರೆ. ನನಗೆ ಮಾತ್ರ ಕೆಲಸ ಡಬಲ್. ಎರಡು ಕೋಡ್, ಎರಡು ತಲೆನೋವು. ಜೊತೆಗೆ, ಐದು ನಿಮಿಷ ತಡವಾದರೆ "ಇನ್ನೂ ಯಾಕ್ರೀ ಕಾಣಿಸ್ತಿಲ್ಲ" ಅಂತ ಯಜಮಾನರ ಫೋನು. ಕಾರ್ಬನ್ ಪುಸ್ತಕ ಇನ್ನೂ ರೈಟರ ಡ್ರಾಯರಲ್ಲೇ ಇದೆ. ತೆಗೀರಿ ಅಂತ ಹೇಳೋ ಧೈರ್ಯ ನನಗಿಲ್ಲ.

ಮುಂದಿನ ವಾರ ಮುಳಬಾಗಿಲಿನ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು. "ಫೋನಲ್ಲೇ ಎಲ್ಲ ಕಾಣೋ ಥರ ಮಾಡ್ಕೊಡಿ ಸಾರ್" ಅಂದಿದ್ದಾರೆ ಓನರ್. ಆಯ್ತು ಅಂದೆ. ಬಿಲ್ ಹಾಕೋ ಹುಡುಗ ಅಂಗಡಿಗೆ ಎಷ್ಟೊತ್ತಿಗೆ ಬರ್ತಾನೆ ಅಂತಲೂ ಕೇಳಿಟ್ಟುಕೊಂಡೆ.