ಬಂಕಾಪುರಕ್ಕೆ ತಿರುಗದ ಪ್ರವಾಸದ ಬಸ್ಸುಗಳು

ನಿನ್ನೆ ಹಾವೇರಿ ಜಿಲ್ಲೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಮಕ್ಕಳನ್ನು ಕರೆತಂದಿದ್ದ ಮಾಸ್ತರರೊಬ್ಬರಿಗೆ, 'ಮುಂದ ಬಂಕಾಪುರ ಕ್ವಾಟಿಗೆ (ಕೋಟೆಗೆ) ಹೊಂಟೀರೇನ್ರಿ ಸರ?' ಅಂತ ಕೇಳಿದೆ. 'ಅಲ್ಲೇನ್ ಐತ್ರಿ, ಬರೇ ಕಲ್ಲು, ಕಂಟಿ' ಅಂದುಬಿಟ್ಟರು. ಅವರು ಕಲಿಸೋದು ಸಮಾಜ ವಿಜ್ಞಾನ! ಬಂಕಾಪುರದ ಮಾತು ಬಂದರೆ ನಾನು ಸುಮ್ಮನಿರೋದಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ರಾಕ್ ಗಾರ್ಡನ್ ಬಗ್ಗೆ ನನಗೆ ಒಂದಿಷ್ಟೂ ತಕರಾರಿಲ್ಲ. ಕಲಾವಿದ ಡಾ. ಟಿ.ಬಿ. ಸೊಲಬಕ್ಕನವರ್ ಅವರು ಹೆದ್ದಾರಿ ಪಕ್ಕದ ಜಾಗದಲ್ಲಿ ಸಿಮೆಂಟಿನ ಮೂರ್ತಿಗಳಾಗಿ ಉತ್ತರ ಕರ್ನಾಟಕದ ಇಡೀ ಹಳ್ಳಿಬಾಳನ್ನೇ ನಿಲ್ಲಿಸಿ ಹೋಗಿದ್ದಾರೆ. ರೊಟ್ಟಿ ಬಡಿಯೋ ಅವ್ವನ ಮುಂದೆ ಒಂದು ಹುಡುಗಿ ಕುಕ್ಕರಗಾಲಲ್ಲಿ ಕೂತು ಆ ಕೈಯನ್ನೇ ನೋಡುತ್ತಿತ್ತು. ಅಂಗೈ ಎಷ್ಟು ಓರೆಯಾಗಬೇಕೋ ಅಷ್ಟೇ ಓರೆ, ಬೆರಳು ಎಷ್ಟು ಅಗಲಬೇಕೋ ಅಷ್ಟೇ ಅಗಲ. ರೊಟ್ಟಿ ಬಡಿಯೋದನ್ನ ವರ್ಷಗಟ್ಟಲೆ ಕೂತು ನೋಡಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಅಂಥ ಕಲಾವಿದ ನಮ್ಮ ಜಿಲ್ಲೆಯಲ್ಲಿ ಬಾಳಿದರು ಅನ್ನೋದು ನನಗೆ ನಿಜವಾಗಲೂ ಹೆಮ್ಮೆ.

ಆದರೆ ಅಲ್ಲಿಂದ ಅದೇ ಹೆದ್ದಾರಿಯಲ್ಲಿ ಶಿಗ್ಗಾವಿ ದಾಟಿ ಸ್ವಲ್ಪ ಮುಂದೆ ಹೋದರೆ ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರು. ತಲಕಾಡಿನ ಗಂಗರ ದೊರೆ ಮಾರಸಿಂಹ ರಾಜ್ಯ ಬಿಟ್ಟು, ಜೈನ ಗುರು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ, ಅಂದರೆ ಸಾಯೋವರೆಗಿನ ಉಪವಾಸ ವ್ರತ, ಹಿಡಿದು ಪ್ರಾಣ ಬಿಟ್ಟದ್ದು ಇಲ್ಲೇ, ಸುಮಾರು 974ರಲ್ಲಿ. ಇದು 'ಬರೇ ಕಲ್ಲು' ಹೇಗಾದೀತು?

ಕೋಟೆಯೊಳಗಿನ ನಗರೇಶ್ವರ ಗುಡಿಗೆ ಊರವರು ಅರವತ್ತು ಕಂಬದ ಗುಡಿ ಅಂತಾರೆ. ಚಾಲುಕ್ಯರ ಕಾಲದ್ದು. ಒಂದೊಂದು ಕಂಬವೂ ಚರಕಿಗೆ ಹಾಕಿ ತಿರುವಿದ ಹಾಗೆ ಬಳೆಬಳೆಯಾಗಿ ನುಣುಪು. ಬೆರಳು ಇಟ್ಟು ಮೇಲಿಂದ ಕೆಳಗೆ ಎಳೆದರೆ ಎಲ್ಲೂ ತಡೆಯೋದಿಲ್ಲ. ತಡೆದರೆ ಅದು ನಮ್ಮ ಕಾಲದ ಕೆಲಸ: ಯಾರೋ ಮೊಳೆಯಿಂದ ಗೀಚಿದ ಹೆಸರು, ಪಕ್ಕದಲ್ಲೊಂದು ಬಾಣ ಚುಚ್ಚಿದ ಹೃದಯ. ಮಕ್ಕಳನ್ನು ಈ ಕಂಬದ ಮುಂದೆ ನಿಲ್ಲಿಸಿ ಒಮ್ಮೆ ಮುಟ್ಟಿಸಿದ್ದರೆ ಅವರಲ್ಲಿ ಒಬ್ಬರೂ ಮುಂದೆ ಮೊಳೆ ಹಿಡಿಯೋದಿಲ್ಲ ಅಂತ ನನ್ನ ಗಟ್ಟಿ ನಂಬಿಕೆ. ತೋರಿಸದೇ ಬೆಳೆಸಿ, ಆಮೇಲೆ 'ಈಗಿನ ಹುಡುಗರಿಗೆ ಇತಿಹಾಸದ ಕಿಮ್ಮತ್ತಿಲ್ಲ' ಅಂತ ಬೈಯೋದು ಯಾವ ನ್ಯಾಯ?

ಇನ್ನು 'ಕಂಟಿ' ಅಂದರಲ್ಲ, ಆ ಕಂಟಿಯಲ್ಲೇ ನವಿಲು ಮೊಟ್ಟೆ ಇಡೋದು. ಸುಮಾರು 139 ಎಕರೆಯ ಈ ಕೋಟೆ 2006ರಿಂದ ನವಿಲುಧಾಮ. ಖಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರವೂ ಇದರೊಳಗೇ ಇದೆ. ದನಕ್ಕೆ ಬೆಳೆಸಿದ ಹುಲ್ಲು, ಹುಲ್ಲಿನ ಹುಳ, ಹುಳಕ್ಕೆ ಬರೋ ನವಿಲು: ವಿಜ್ಞಾನದ ಒಂದಿಡೀ ಪಾಠ ಅಲ್ಲಿ ಕಣ್ಣೆದುರಿಗೇ ನಡೀತಿರುತ್ತದೆ. ನಮ್ಮ ಕನಕದಾಸರ ಹುಟ್ಟೂರು ಬಾಡವೂ ಇದೇ ಸೀಮೆಯದ್ದು.

'ಸೌಕರ್ಯ ಇಲ್ಲ, ಹಾವು ಹುಳದ ಭಯ, ಗದ್ದಲಕ್ಕೆ ನವಿಲು ಬೆದರುತ್ತವೆ' ಅಂತ ಮಾಸ್ತರರು ನೀವು ಹೇಳ್ತೀರಿ. ಒಪ್ಪಿದೆ. ಹಾಗಾದರೆ ಸೌಕರ್ಯ ಕೇಳಿ ಅರ್ಜಿ ಬರೆದವರು ಎಷ್ಟು ಮಂದಿ? ಯಾರೂ ಹೋಗದ ಕಡೆ ಯಾರೂ ಏನೂ ಕಟ್ಟೋದಿಲ್ಲ. ಮಕ್ಕಳನ್ನು ಕಾಲುದಾರಿ ಬಿಡದಂತೆ ನಡೆಸೋದು ಮಾಸ್ತರರಿಗೆ ದಿನದ ಕೆಲಸ. ನವಿಲಿರೋ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ನಡೆಯೋದನ್ನ ಆ ವಯಸ್ಸಿನಲ್ಲಿ ಕಲೀದೇ ಇನ್ಯಾವಾಗ ಕಲೀಬೇಕು? ಈ ನೆಪಗಳನ್ನ ಕೇಳಿ ಕೇಳಿ ನನಗೆ ಸಾಕಾಗಿದೆ.

ಇದನ್ನ ಓದೋರಲ್ಲಿ ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಶಿಕ್ಷಕರು ಬಹಳ ಜನ ಇದ್ದೀರಿ. ಬೆಳಗ್ಗೆ ಬಿಸಿಲೇರೋ ಮೊದಲು ಕೋಟೆ ನೋಡಿ, ಆಮೇಲೆ ರಾಕ್ ಗಾರ್ಡನ್‌ಗೆ ಬನ್ನಿ, ನೆರಳಲ್ಲಿ ಬುತ್ತಿ ಬಿಚ್ಚಿ. ನೀರು ಊರಿಂದಲೇ ತುಂಬಿಸಿಕೊಳ್ಳಿ. ಬಸ್ಸಿನವರ ಜೊತೆ ಬಾಡಿಗೆ ಮಾತಾಡುವಾಗಲೇ ಬಂಕಾಪುರದ ಹೆಸರು ಚೀಟಿಯಲ್ಲಿ ಬರೆಸಿಬಿಡಿ, ದಾರಿಯಲ್ಲಿ ಡ್ರೈವರ್ ಕಿಲೋಮೀಟರ್ ಲೆಕ್ಕ ತೆಗೆಯೋದು ಬೇಡ.