ವಯಸ್ಸು ನೋಡ್ತೀವಿ, ದೊಡ್ಡವ್ವನ್ನ ಕೇಳೋದಿಲ್ಲ

ನಾನಿರೋದು ಇಂಗ್ಲೆಂಡಿನಲ್ಲಿ, ಮನೆ ಗದಗಿನಲ್ಲಿ. ಎಂಬತ್ತು ದಾಟಿದವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದರೆ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: "ಈ ವಯಸ್ಸಿನ್ಯಾಗ ಕೊಯ್ಸೂದು ಯಾಕ್ರಿ?"

ನಮ್ಮ ದೊಡ್ಡವ್ವನಿಗೆ 84. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತೀವಿ, ಆಕೆಗೆ ಅದೂ ಕಾಣಲಿಲ್ಲ. ಬರೀ ಸುಸ್ತು. ವಯಸ್ಸಾತು ಅಂತ ಕಬ್ಬಿಣದ ಗುಳಿಗೆ ನುಂಗಿಸಿದ್ದೇ ನುಂಗಿಸಿದ್ದು. ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಸಣ್ಣ ಕೊಳವೆ ಬಿಟ್ಟು ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ, ಆದ ಮೇಲೇ ಗಡ್ಡೆ ಗೊತ್ತಾಯ್ತು. ಆಗಲೂ ಆಕೆಗೆ ಹೇಳಿದ್ದು "ಕರಳಾಗ ಹುಣ್ಣಾಗೇತಿ" ಅಂತ ಅಷ್ಟೇ. ನಿರ್ಧಾರವೆಲ್ಲ ಕಾಕಾಗಳದ್ದು.

ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರ ಮನೆಗೆ ಎರಡು ವರ್ಷಕ್ಕೊಮ್ಮೆ ಮಲಪರೀಕ್ಷೆಯ ಕಿಟ್ ಅಂಚೆಯಲ್ಲಿ ಬರುತ್ತದೆ, ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡಲು. 75 ದಾಟಿದವರು ಫೋನ್ ಮಾಡಿ ತರಿಸಿಕೊಳ್ಳಬಹುದು. ಹೋಗಲಿ, ಅದು ಸರ್ಕಾರದ ಮಾತು. ನನ್ನದು ಮನೆಯ ಮಾತು.

ಇಲ್ಲಿ ಇಂಗ್ಲೆಂಡಿನಲ್ಲಿ ಡಾಕ್ಟರು ರೋಗಿಯ ಹತ್ತಿರವೇ ಮಾತಾಡುತ್ತಾರೆ. ಮಕ್ಕಳು ಪಕ್ಕದಲ್ಲಿ ಸುಮ್ನೆ ಕೂತಿರಬೇಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು ಅಂತ ನೋಡುತ್ತಾರೆ. ತೂಕ ಇಳಿದಿದೆಯಾ, ಮರೆವು ಇದೆಯಾ, ಸ್ನಾನ ತಾವೇ ಮಾಡ್ತಾರಾ ಅಂತ ವಿಚಾರಿಸುತ್ತಾರೆ. ಹೊಲಕ್ಕೆ ನಡೆದು ಹೋಗುವ 85ರ ಅಜ್ಜ ಆಪರೇಷನ್ ತಡೆದುಕೊಳ್ಳಬಹುದು. ಹಾಸಿಗೆ ಹಿಡಿದ 70ರವರಿಗೆ ಆಗದೇ ಇರಬಹುದು. ಮೈ ಸೋತಿದ್ದರೆ ಕೆಲವು ವಾರ ಒಳ್ಳೆ ಊಟ, ನಡಿಗೆ ಮಾಡಿಸಿ ತಯಾರು ಮಾಡುವುದೂ ಉಂಟು.

ನೋಡೋಣ ಬಿಡು ಅಂತ ದಿನ ತಳ್ಳಿದರೆ ಗಡ್ಡೆ ಬೆಳೆದು ಕರುಳು ಕಟ್ಟಿಕೊಳ್ಳಬಹುದು. ಆಗ ರಾತ್ರೋರಾತ್ರಿ ತುರ್ತು ಆಪರೇಷನ್. ವಯಸ್ಸಾದವರ ಜೀವಕ್ಕೆ ಅಪಾಯ ಜಾಸ್ತಿ ಇರೋದು ಅದರಲ್ಲಿ.

ಹಾಗಂತ ಇಲ್ಲಿನದೆಲ್ಲ ಸರಿ ಅಂತಲ್ಲ. ಆಪರೇಷನ್ ಆದ ಮೇಲೆ ಕೆಲವು ಹಿರಿಯರು ಎಲ್ಲಿದ್ದೀವಿ ಅನ್ನೋದೇ ತಿಳಿಯದೆ ಬಡಬಡಿಸುತ್ತಾರೆ. ಗೊತ್ತಿರುವ ದನಿ, ಕಣ್ಣಿಗೆ ಕನ್ನಡಕ, ಒಳ್ಳೆ ನಿದ್ದೆ ಇದ್ದರೆ ಇದು ಕಡಿಮೆ. ಇಲ್ಲಿನ ವಾರ್ಡಿನಲ್ಲಿ ರಾತ್ರಿ ಸಾಮಾನ್ಯವಾಗಿ ಅವರು ಒಬ್ಬರೇ. ಹುಬ್ಬಳ್ಳಿಯಲ್ಲಿ ಮಗಳೋ ಸೊಸೆಯೋ ಮಂಚದ ಪಕ್ಕ ಚಾಪೆ ಹಾಸಿ ಮಲಗಿರುತ್ತಾಳೆ. ಈ ವಿಷಯದಲ್ಲಿ ನಮ್ಮದೇ ಮೇಲು, ಅಲ್ವಾ?

ಕೊನೆಗೆ ದೊಡ್ಡವ್ವನಿಗೆ ನಿಜ ಹೇಳಿದವರು ಹುಬ್ಬಳ್ಳಿಯ ಸರ್ಜನ್. ಆಕೆ ಸಾವಿನ ಮಾತೇ ಎತ್ತಲಿಲ್ಲ. "ಹೊಟ್ಟಿಗೆ ಚೀಲ ಹಾಕ್ತೀರೇನ್ರಿ? ಹಾಕಿದ್ರ ತೇರಿಗೆ ಹೆಂಗ ಹೋಗ್ಲಿ?" ಅಂದಳು. ನಮಗ್ಯಾರಿಗೂ ಹೊಳೆಯದ ಪ್ರಶ್ನೆ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬೀಳಲು ಹೊರಗೆ ಅಂಟಿಸುವ ಚೀಲ ಅದು. ಗಡ್ಡೆ ಕರುಳಿನ ಬಲಭಾಗದಲ್ಲಿತ್ತು. ಅಲ್ಲಿ ಸಾಮಾನ್ಯವಾಗಿ ಗಡ್ಡೆ ತೆಗೆದು ಕರುಳನ್ನು ಆಗಲೇ ಜೋಡಿಸುತ್ತಾರೆ, ಚೀಲ ಬೇಕಾಗುವುದು ಕಡಿಮೆ. ಅದನ್ನು ಕೇಳಿ "ಹಂಗಾದ್ರ ಮಾಡ್ರಿ" ಅಂದಳು. ಬ್ಯಾಡ ಅಂದಿದ್ದರೂ ನಾನು ತಕರಾರು ಮಾಡುತ್ತಿರಲಿಲ್ಲ. ನೋವು, ವಾಂತಿ ತಡೆಯುವ ಔಷಧ ಮನೆಯಲ್ಲೇ ಕೊಡುವ ದಾರಿಯನ್ನೂ ಅದೇ ಸರ್ಜನ್ ಹೇಳಿದ್ದರು.